ಎರಡನೆಯ ಸ್ಥಾನಕ್ಕೆ ಪದವಿಲ್ಲದವರು

ಗೆಳೆಯರೇ, ನನಗಿನ್ನೂ ನಂಬಲಾಗುತ್ತಿಲ್ಲ. ಬರೋಡಾಕ್ಕೆ ವರ್ಗವಾಗಿ ಬಂದಮೇಲೆ ನನ್ನ ಮಗಳ ಕನ್ನಡ ಗುಜರಾತಿ ಸೇರಿ ಕಲಬೆರಕೆಯಾಗಿದೆ. ಇವತ್ತು ಶಾಲೆಯಿಂದ ಓಡಿಬಂದು, “ಅಪ್ಪಾ, ಕ್ಲಾಸಿಗೆ ನಂದೇ ಬೀಜೋ ನಂಬರ್” ಎಂದಳು.

“ಎರಡನೇದು ಅನ್ನು. ಇಂಗ್ಲಿಷರನ್ನ ನೋಡು. ಫಸ್ಟ್, ಸೆಕೆಂಡ್, ಥರ್ಡ್, ಎಲ್ಲಾ ಅವರ ಸ್ವಂತದ್ದೇ” ಎಂದು ಗದರಿದೆ.

ಅದು ಕಿವಿಗೆ ಬಿದ್ದು, ಪಕ್ಕದ ಮನೆಯ ಇಂಗ್ಲಿಷ್ ಮೇಷ್ಟ್ರು ದವೆಯವರು ದಪ್ಪ ನಿಘಂಟನ್ನೇ ಹೊತ್ತು ತಂದರು. ಫಸ್ಟ್, ಥರ್ಡ್ ಅವರವೇ. ಸೆಕೆಂಡ್ ಮಾತ್ರ ಲ್ಯಾಟಿನ್ನಿನದು, ಫ್ರೆಂಚರ ಕೈಯಿಂದ ಬಂದದ್ದು. ಅದಕ್ಕೂ ಮೊದಲು ಎರಡನೆಯವನನ್ನು ‘ಇನ್ನೊಬ್ಬ’ ಎನ್ನುತ್ತಿದ್ದರಂತೆ. ನಲವತ್ತೇಳರವರೆಗೆ, ಅಂದರೆ ಇಪ್ಪತ್ತು ವರ್ಷದ ಹಿಂದಿನವರೆಗೂ ನಮ್ಮನ್ನು ಆಳಿದ ಜನಕ್ಕೆ ಎರಡನೆಯ ಸ್ಥಾನಕ್ಕೆ ಸ್ವಂತ ಪದವೇ ಇರಲಿಲ್ಲ.

ನಾಚಿಕೊಂಡು ಮಗಳ ಬೆನ್ನು ತಟ್ಟಿ, “ಶಾಭಾಸ್” ಎಂದೆ.

ದವೆಯವರು ನಿಘಂಟು ಮುಚ್ಚುತ್ತಾ ಹೇಳಿದರು: “ರಾವ್‌ಭಾಯಿ, ಅದು ಫಾರಸಿ ಮಾತು.”