ಮಸ್ಕಿಯಲ್ಲಿ ತಪ್ಪಿಸಿದ ಬಸ್ಸು

ತಪ್ಪು ನನ್ನದೇ. ಮಸ್ಕಿಯ ಶಾಸನ ನೋಡಲು ಬಂದವನನ್ನು ಮಳೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲೇ ಕೂರಿಸಿತ್ತು. ಎರಡು ಪ್ಲೇಟು ಮಿರ್ಚಿ ಮುಗಿದರೂ ಕಾಲು ಸುಮ್ಮನಿರಲೊಲ್ಲವು. ಎರಚಲಿಗೆ ತಾಡಪತ್ರಿ ಇಳಿಬಿಟ್ಟಿದ್ದರಿಂದ ಬಸ್ಸು ಕಾಣದು; ಒಳಗಿದ್ದವರೆಲ್ಲ ಕಂಡಕ್ಟರನ ಕೂಗು ಕೇಳಿಯೇ ಏಳುತ್ತಿದ್ದರು. ಬೇಸರ ಕಳೆಯಲು ನಾನೂ ಕಂಡಕ್ಟರನಂತೆ ಮೂಗಿನಲ್ಲಿ ಕೂಗಿದೆ: "ಸಿಂಧನೂರ್, ಸಿಂಧನೂರ್, ಹತ್ರೀ!"

ಬಾಣಂತಿ ಮಗಳನ್ನು ನೋಡಲು ಸಿಂಧನೂರಿಗೆ ಹೊರಟಿದ್ದ ಅಜ್ಜಿ ಗಂಟು ಹೊತ್ತು ಓಡಿ, ತೊಯ್ದು ಮರಳಿದಳು. ಅಂಗಡಿಯೆಲ್ಲ ನಕ್ಕಿತು.

ಸ್ವಲ್ಪ ಹೊತ್ತಿಗೆ ನಿಜವಾದ ಕಂಡಕ್ಟರ್ ಕೂಗಿದ. ಅಜ್ಜಿ ತಿರುಗಿಯೂ ನೋಡದೆ, "ಸಾಕ್ ಬಿಡೋ ಮಂಗ್ಯಾ" ಎಂದಳು. ಮೂರನೇ ಪ್ಲೇಟಿನ ಮಿರ್ಚಿ ಬಾಯಿತುಂಬ ಇದ್ದ ನಾನು "ಖರೇನ ಬಂದೈತಿ ಬೇ" ಎನ್ನುವಷ್ಟರಲ್ಲಿ ಬಸ್ಸು ಹೋಗಿಯೇಬಿಟ್ಟಿತ್ತು.

ಅಜ್ಜಿ ಒದ್ದೆ ಗಂಟನ್ನು ನನ್ನ ತಲೆಯ ಮೇಲಿಟ್ಟಳು. "ಕಂಡಕ್ಟರ್ ಆದೆಲ್ಲಾ, ಈಗ ಬಸ್ಸೂ ನೀನ ಆಗು. ನಡಿ ಸಿಂಧನೂರಿಗೆ."