ಅಗರಖೇಡದಲ್ಲಿ ಅರ್ಧಕ್ಕೆ ನಿಂತ ಅಳತೆ

ದೀಪಾವಳಿ ಮುಗಿದ ಮೇಲೆ ಬಿಜಾಪುರದಿಂದ ಜೀಪಿನಲ್ಲಿ ಹೊರಟೆವು. ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಭೂಕಂಪದ ಸುದ್ದಿ ಇನ್ನೂ ಎಲ್ಲರ ಬಾಯಲ್ಲಿತ್ತು. ದಸರೆಯ ಹೊತ್ತಿಗೆ ನಮ್ಮ ಪ್ರೊಫೆಸರರು ಈ ಕಡೆಯ ನಾಲ್ಕು ಬಂಡೆಗಳಲ್ಲಿ ಹಿತ್ತಾಳೆ ಮೊಳೆ ಕೂರಿಸಿ, ಉಪಗ್ರಹಗಳ ಸಂಕೇತ ಹಿಡಿದು ಅವುಗಳ ಸ್ಥಾನ ಗುರುತಿಸಿದ್ದರು. ದೊಡ್ಡ ಕಂಪನದ ನಂತರವೂ ನೆಲದೊಳಗಿನ ಬಿರುಕು ಸದ್ದಿಲ್ಲದೆ ಜಾರುತ್ತಿರುತ್ತದೆಯೇ, ಅದು ಇಷ್ಟು ದೂರಕ್ಕೂ ತಟ್ಟುತ್ತದೆಯೇ ಎಂದು ತಿಳಿಯಲು ಅದೇ ಮೊಳೆಗಳನ್ನು ಮತ್ತೆ ಅಳೆಯುವುದು ನನ್ನ ಕೆಲಸ.

ಬಸವನ ಬಾಗೇವಾಡಿಯಲ್ಲೇ ತಲೆ ಕೆಟ್ಟಿತು. ಸಂಕೇತ ಹಿಡಿಯುವ ಯಂತ್ರದ ಪರದೆಯ ಮೇಲೆ ಮೊಳೆ ಒಮ್ಮೆ ರಸ್ತೆಯ ಆಚೆ ಇದ್ದಂತೆ, ಒಮ್ಮೆ ಈಚೆ ಇದ್ದಂತೆ ಕಾಣುತ್ತಿತ್ತು. ಎಲ್ಲ ಊರಿನ ದಾಖಲೆ ಸೇರಿಸಿ ಲೆಕ್ಕ ಹಾಕುವ ತನಕ ಆ ಅಂಕಿಗಳನ್ನು ನಂಬಬಾರದೆಂದು ಓದಿದ್ದೆ. ಆದರೂ ಸುತ್ತ ನೆರೆದವರು, “ಭೂಮಿ ಸರಿಯಾಕತ್ತೈತೇನ್ರಿ?” ಎಂದಾಗ ಪರದೆಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಮುದ್ದೇಬಿಹಾಳದಲ್ಲೂ ಅದೇ ಕತೆ.

ದೇವರ ಹಿಪ್ಪರಗಿಯಲ್ಲಿ ರೊಟ್ಟಿ, ಪುಂಡಿಪಲ್ಯ ತಿಂದು ಸಿಂದಗಿ ಸೇರಿದೆವು. ಅಲ್ಲಿನ ಅಳತೆ ಮುಗಿಯುವಷ್ಟರಲ್ಲಿ ಯಂತ್ರದ ಬ್ಯಾಟರಿ ಸತ್ತುಹೋಯಿತು. “ಜೀಪಿಂದ ತಗದು ಹಚ್ಚೂಣ್ರಿ ಮೇಡಂ” ಎಂದ ಡ್ರೈವರ್ ಮಲ್ಲಣ್ಣ. ಮರುದಿನ ಇಂಡಿ ದಾಟಿ ಅಗರಖೇಡಕ್ಕೆ ಬಂದು ಹಾಗೆಯೇ ಮಾಡಿದೆವು.

ಮೊಳೆ ಇದ್ದದ್ದು ಗುರಪ್ಪ ಎಂಬವರ ಹೊಲದ ಬಂಡೆಯಲ್ಲಿ. ಮನೆಯ ಮಣ್ಣಿನ ಮಾಳಿಗೆ ಕುಸಿದೀತೆಂದು ಹೆದರಿ ಇಡೀ ಕುಟುಂಬ ಹೊಲದಲ್ಲೇ ತಾಡಪತ್ರಿಯ ಗುಡಾರ ಕಟ್ಟಿಕೊಂಡಿತ್ತು. ಮಗ ಸೋಲಾಪುರದಲ್ಲಿ ದುಡಿಯುತ್ತಿದ್ದ. ಸೊಸೆ ನೀಲವ್ವ ತುಂಬಿದ ಬಸುರಿ.

“ಹುಡುಗಿ ಚಳಿಗಿ ನಡಗಾಕತ್ಯಾಳ. ಮನಿಯೊಳಗ ಮಲಗಸ್ಲೇನು? ನಿನ್ನ ಮಷಿನ್ ಏನ್ ಹೇಳತೈತಿ ಯವ್ವಾ?” ಎಂದು ಗುರಪ್ಪನವರ ಹೆಂಡತಿ ಗಂಗವ್ವ ಕೇಳಿದರು.

“ಆಗಿದ್ದು ಹೇಳತೈತ್ರಿ ಅವ್ವಾರ. ಆಗೂದು ಹೇಳಂಗಿಲ್ಲ.”

“ಹಂಗಾರ ಯಾತಕ್ಕ ಹೊತ್ಕೊಂಡು ತಿರಗತಿ?”

ನಾನು ಮೊಳೆಯ ಮೇಲೆ ಯಂತ್ರ ಹೊತ್ತು ನಿಂತ ಮುಕ್ಕಾಲಿಯ ಎತ್ತರವನ್ನು ಅಳೆದು ಬರೆದುಕೊಂಡೆ.

ಅಳತೆ ಸಂಜೆಯವರೆಗೆ ಎಡೆಬಿಡದೆ ನಡೆಯಬೇಕಿತ್ತು. ಮಧ್ಯಾಹ್ನವೇ ನೀಲವ್ವನಿಗೆ ನೋವು ಶುರುವಾಯಿತು. ಬಸ್ಸು ಹೋಗಿಯಾಗಿತ್ತು. ಗಂಗವ್ವ ಜೀಪನ್ನೇ ನೋಡುತ್ತ ನಿಂತರು. ಯಂತ್ರಕ್ಕೆ ಹಚ್ಚಿದ್ದ ಬ್ಯಾಟರಿ ಮರಳಿ ಕೂರಿಸದೆ ಅದು ಹೊರಡುವಂತಿರಲಿಲ್ಲ. ಮಲ್ಲಣ್ಣ ಬೋಲ್ಟು ಬಿಚ್ಚುವ ಪಾನಾ ಹಿಡಿದು ಬಂದ.

“ತಗೀಲೇನ್ರಿ ಮೇಡಂ?”

ಎರವಲು ತಂದ ಯಂತ್ರವನ್ನು ಮರಳಿ ಕೊಡುವ ದಿನ ಹತ್ತಿರವಿತ್ತು, ಇನ್ನೊಮ್ಮೆ ಅಳೆಯುವ ಅವಕಾಶ ಇರಲಿಲ್ಲ. ಒಂದು ಕ್ಷಣ ಸಂಕೇತ ಬರುತ್ತಿದ್ದ ಪರದೆಯನ್ನೇ ನೋಡಿದೆ. “ತಗೀರಿ” ಎಂದೆ.

ಇಂಡಿಯ ಆಸ್ಪತ್ರೆಯಲ್ಲಿ ಹೊತ್ತು ಮುಳುಗುವ ಮೊದಲೇ ಹೆಣ್ಣುಮಗು ಹುಟ್ಟಿತು. ಅಲ್ಲಿಯೂ ಛಾವಣಿಯ ಹೆದರಿಕೆ. ಬಾಣಂತಿಯರ ಮಂಚಗಳನ್ನೆಲ್ಲ ಅಂಗಳದ ಬೇವಿನ ಗಿಡದ ಕೆಳಗೆ ಹಾಕಿದ್ದರು. ಅದು ಸರಿಯೋ ತಪ್ಪೋ, ನನ್ನನ್ನು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಬೆಳಿಗ್ಗೆ ಸಾಮಾನು ತರಲು ಹೊಲಕ್ಕೆ ಹೋದರೆ, ಗುರಪ್ಪನವರು ಕಂಬಳಿ ಹೊದ್ದು ನಮ್ಮ ಮುಕ್ಕಾಲಿಯ ಪಕ್ಕದಲ್ಲೇ ಕೂತಿದ್ದರು.

“ಎತ್ತು ಹಾದು ಬೀಳಸ್ಯಾವಂತ ಕಾಯ್ಕೋತ ಕುಂತೆ. ಅಳತಿ ಮುಗೀತೇನ್ರಿ?”

“ಮುಗೀತ್ರಿ ಕಾಕಾ. ನಿಮಗ ಮೊಮ್ಮಗಳು ಹುಟ್ಯಾಳ.”

ಅವರು ಮುಖ ತಿರುಗಿಸಿ ಕಂಬಳಿಯಿಂದ ಕಣ್ಣೊರೆಸಿಕೊಂಡರು. ಅವರನ್ನು ಇಂಡಿಯಲ್ಲಿ ಇಳಿಸಿ ಊರಿನ ದಾರಿ ಹಿಡಿದೆವು.

ಧಾರವಾಡದಲ್ಲಿ ಪ್ರೊಫೆಸರರ ಜೊತೆ ಕೂತು ಲೆಕ್ಕ ಹಾಕಿದಾಗ ಉಳಿದ ಮೂರು ಮೊಳೆ ಇದ್ದಲ್ಲೇ ಇದ್ದವು. ಅಗರಖೇಡದ್ದು ಮಾತ್ರ ಒಂದು ಬೆರಳಷ್ಟು ಉತ್ತರಕ್ಕೆ ಸರಿದಿತ್ತು. ನಿಜವಾಗಿ ನೆಲ ಜಾರಿತ್ತೋ, ಅರ್ಧಕ್ಕೆ ನಿಂತ ದಾಖಲೆಯ ತಪ್ಪೋ, ಪ್ರೊಫೆಸರರಿಗೂ ತಿಳಿಯಲಿಲ್ಲ, ನನಗೆ ಇವತ್ತಿಗೂ ತಿಳಿದಿಲ್ಲ. ನಕ್ಷೆಯಲ್ಲಿ ಅಗರಖೇಡದ ಜಾಗವನ್ನು ಖಾಲಿ ಬಿಟ್ಟೆವು.