ತುಟಿಯ ಅಳತೆ

ನಾನು ತಾಳ್ಮೆಯ ಮನುಷ್ಯನೆಂದು ಬಂಟ್ವಾಳ ಪೇಟೆಯಲ್ಲಿ ಹೆಸರಿದೆ. ಹೊಲಿಗೆ ಅಂಗಡಿ ಇಟ್ಟವನಿಗೆ ಅದಿಲ್ಲದೆ ಆಗುವುದಿಲ್ಲ. ಒಂದೇ ರವಿಕೆಯ ತೋಳನ್ನು ಮೂರನೆಯ ಸಲ ಬಿಚ್ಚಿಸಲು ಬಂದವರಿಗೂ “ಆಯ್ತು ಅಕ್ಕಾ, ಮಾಡ್ತೇನೆ” ಎನ್ನುವವನು ನಾನು. ಆದರೆ ಒಂದು ಸಂಗತಿ ನೆನಪಾದರೆ ಈಗಲೂ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಇಡುವುದಿಲ್ಲ, ಕುಕ್ಕುತ್ತೇನೆ. ಅದು ನಡುಬೆರಳಿನಷ್ಟು ಉದ್ದದ ಒಂದು ಹಿತ್ತಾಳೆ ತುಂಡಿನ ಸಂಗತಿ.

ಮದುವೆಯ ದಿನಗಳಲ್ಲಿ ನಾನು ಟೈಲರನಲ್ಲ, ಬ್ಯಾಂಡ್ ಸೆಟ್ಟಿನ ಮೊದಲ ಟ್ರಂಪೆಟ್. ಹಾಡಿನ ಧಾಟಿಯನ್ನು ಹೊತ್ತು ಮುಂದೆ ನಡೆಯುವವನು. ಟ್ರಂಪೆಟ್ಟಿನ ತುದಿಗೆ ಸಿಕ್ಕಿಸಿ ತುಟಿಯಿಟ್ಟು ಊದುವ ಪುಟ್ಟ ಬಟ್ಟಲಿಗೆ ಮೌತ್‌ಪೀಸ್ ಎನ್ನುತ್ತಾರೆ. ನೋಡುವವರ ಕಣ್ಣಿಗೆ ಬೀಳುವುದು ಅಗಲ ಬಾಯಿಯ ವಾದ್ಯ. ಊದುವವನಿಗೆ ಸರ್ವಸ್ವವೂ ಆ ಬಟ್ಟಲೇ. ನನ್ನದನ್ನು ಹನ್ನೊಂದು ವರ್ಷ ಊದಿದ್ದೆ. ಅದರ ಅಂಚಿಗೆ ನನ್ನ ತುಟಿ ಒಗ್ಗಿತೋ, ತುಟಿಗೆ ಅಂಚು ಒಗ್ಗಿತೋ, ಹಳೆಯ ದಂಪತಿಗಳ ಹಾಗೆ ಅದನ್ನು ಕೇಳುವುದನ್ನೇ ಬಿಟ್ಟಿದ್ದೆವು.

ಆಗ ತೊಂಬತ್ತರ ದಶಕ. ಮದುವೆಗಳಿಗೆ ವಿಡಿಯೋದವರು ಬರತೊಡಗಿದ್ದರು. ಕಣ್ಣು ಕೋರೈಸುವ ದೀಪ ಹಿಡಿದು, ಮದುಮಗಳನ್ನು ಬಿಟ್ಟು ಬ್ಯಾಂಡಿನವರ ಕೆನ್ನೆಗಳನ್ನು ಹತ್ತಿರದಿಂದ ತೆಗೆಯುತ್ತಿದ್ದರು. ನಮ್ಮ ಸೆಟ್ಟಿನ ಯಜಮಾನ ಲಾಜರಸ್ ಮಾಸ್ಟರಿಗೆ ತಲೆ ತಿರುಗಿದ್ದು ಅಲ್ಲಿಯೇ, ವಿಡಿಯೋದಲ್ಲಿ ಎಲ್ಲವೂ ಮಿಂಚಬೇಕು ಎಂದು. ಮಳೆಗಾಲದಲ್ಲಿ ವಾದ್ಯಗಳೆಲ್ಲ ಮಾಸ್ಟರ ಮನೆಯಲ್ಲಿರುವುದು ನಮ್ಮ ರೂಢಿ. ಆ ವರ್ಷ ಅವರು ಯಾರಿಗೂ ಹೇಳದೆ ಎಲ್ಲ ಮೌತ್‌ಪೀಸ್‌ಗಳನ್ನೂ ಒಂದೇ ಚೀಲಕ್ಕೆ ತುಂಬಿ ಮಂಗಳೂರಿಗೆ ಪಾಲಿಶಿಗೆ ಕೊಟ್ಟರು. ಪಾಲಿಶಿನವನು ಪಾಪ, ಸ್ಟೀಲ್ ಲೋಟ ಉಜ್ಜುವ ಹಾಗೆ ತಿರುಗುವ ಚಕ್ರಕ್ಕೆ ಹಿಡಿದಿದ್ದಾನೆ. ತುಟಿಗೆ ಹಿಡಿತ ಕೊಡುವ ಒಳ ಅಂಚೆಲ್ಲ ಸವೆದು, ಚಪ್ಪರಿಸಿ ಬಿಟ್ಟ ಪೆಪ್ಪರಮಿಂಟಿನ ಹಾಗೆ ನುಣ್ಣಗಾಗಿತ್ತು.

“ಹೇಗುಂಟು? ಮಿಂಚುವುದಿಲ್ಲವಾ?” ಎಂದರು ಮಾಸ್ಟರು.

“ಮಾಸ್ಟ್ರೇ, ಇದರಲ್ಲಿ ತುಟಿ ನಿಲ್ಲುವುದೇ ಇಲ್ಲ.”

“ಒಂದು ವಾರ ಊದು ಮಾರಾಯ, ಸರಿಯಾಗ್ತದೆ.”

ಶಂಖ ಊದುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಒಮ್ಮೆ ತುದಿ ಕತ್ತರಿಸಿದರೆ ಮುಗಿಯಿತು, ಅದಕ್ಕೆ ಬೇರೆ ಬಾಯಿ ಹುಡುಕುವ ಹಂಗಿಲ್ಲ. ನಮ್ಮ ಕೊಂಬು ಊದುವವರೂ ಬಾಯಿಯ ತುಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋಗುವುದನ್ನು ಕಂಡಿದ್ದೇನೆ. ಬುದ್ಧಿವಂತರು. ನಾವೋ, ಸಮವಸ್ತ್ರದ ಟೊಪ್ಪಿ ಮನೆಗೆ ಒಯ್ಯುತ್ತೇವೆ, ತುಟಿಯನ್ನು ಚೀಲದಲ್ಲಿ ಬಿಟ್ಟು ಬರುತ್ತೇವೆ. ಒಂದೇ ಅಳತೆಯ ಅಂಗಿ ಹೊಲಿದು ಊರಿಗೆಲ್ಲ ಹಂಚಿದರೆ ನನ್ನನ್ನು ಬಂಟ್ವಾಳದಲ್ಲಿ ಇಟ್ಟುಕೊಂಡಾರೇ?

ಅಷ್ಟರಲ್ಲಿ ದುಬಾಯಿಯಿಂದ ಬಂದ ಭಾವ ನನಗೆಂದು ಚಿನ್ನದ ಲೇಪದ ಮೌತ್‌ಪೀಸೊಂದನ್ನು ತಂದುಕೊಟ್ಟರು. “ಅಂಗಡಿಯಲ್ಲಿದ್ದುದರಲ್ಲಿ ಇದೇ ದೊಡ್ಡದು” ಎಂದರು, ಹಲಸಿನಹಣ್ಣು ಆರಿಸಿದವರ ಹಾಗೆ. ತುಟಿಗಿಟ್ಟರೆ ಹಲ್ವದಷ್ಟು ಹಿತ. ನಾದವೂ ದಪ್ಪ. ಖುಷಿಯಾಗಿ ಮೂಡಬಿದ್ರೆಯ ಮದುವೆಗೆ ಅದನ್ನೇ ಒಯ್ದೆ. ಅಗಲದ ಬಟ್ಟಲಿಗೆ ಹೆಚ್ಚು ತುಟಿ ಬೇಕು, ಹೆಚ್ಚು ತುಟಿ ಹಿಡಿದಿಡಲು ಹೆಚ್ಚು ಬಲ ಬೇಕು ಎಂಬುದು ತಿಳಿದದ್ದು ಮೆರವಣಿಗೆ ಅರ್ಧ ದಾರಿ ಮುಟ್ಟಿದಾಗ. ಮೇಲಿನ ಸ್ವರ ಹಿಡಿಯಲು ಹೋದೆ. ಬರೀ ಗಾಳಿ ಬಂತು. ವಿಡಿಯೋದವನು ಅದನ್ನೂ ಹತ್ತಿರದಿಂದ ತೆಗೆದ.

ಮಾಸ್ಟರು ಎಲ್ಲರ ಎದುರೇ ಹೆಗಲ ಮೇಲೆ ಕೈ ಹಾಕಿದರು. “ಬೇಸರ ಮಾಡಬೇಡ. ಪ್ರಾಯ ಆಯ್ತಲ್ಲ. ಬೆಳ್ತಂಗಡಿಯ ಮದುವೆಯಲ್ಲಿ ನೋಡುವ, ಇಲ್ಲದಿದ್ದರೆ ಇನ್ನು ನೀನು ಎರಡನೇ ಟ್ರಂಪೆಟ್ ಊದು.”

ಪ್ರಾಯವಂತೆ! ನಲವತ್ತಾರಕ್ಕೆ! ಅಂಚು ಉಜ್ಜಿಸಿದವರು ಇವರು, ಸವೆದವನು ನಾನು.

ಸಿಟ್ಟಿಗೆ ಮನೆಯಲ್ಲಿ ದಿನಾ ಊದಿದೆ. ಸೆಟ್ಟಿನ ಡಬ್ಬಿಯಲ್ಲಿ ಪಾಲಿಶಿಗೆ ಹೋಗದೆ ಉಳಿದಿದ್ದ ಇನ್ನೊಂದು ಮೌತ್‌ಪೀಸನ್ನು ತಂದು ನೋಡಿದೆ, ಅದು ತೆಳು ಅಂಚಿನದು. ಬಟ್ಟಲಿಗೆ ಆಳವಿಲ್ಲ, ಮೇಲಿನ ಸ್ವರ ಕೇಳದೆಯೇ ಬರುತ್ತಿತ್ತು, ಆದರೆ ಕೆಳಗಿನದಕ್ಕೆ ಮೈಯಿರಲಿಲ್ಲ. ತುಟಿಯ ಮೇಲೆ ಉಂಗುರದಂಥ ಕೆಂಪು ಗೆರೆ ಬೇರೆ. ಹೆಂಡತಿ ಐರಿನ್ ಅಡುಗೆಮನೆಯಿಂದ, “ಪೋಂ ಪೋಂ ಕೇಳ್ತದೆ, ಐಸ್‌ಕ್ಯಾಂಡಿಯವ ಬಂದನಾ ನೋಡಿ” ಎಂದಳು. ಅವಳ ಮೇಲೂ ಕೋಪ ಬಂತು. ಮೀನುಸಾರು ಬಡಿಸುವ ಹೊತ್ತಾದ್ದರಿಂದ ಹೇಳಲಿಲ್ಲ.

ಕೊನೆಗೆ ಮೂಡಬಿದ್ರೆಯ ಸಿಪ್ರಿಯನ್ ಮಾಮನ ಬಳಿಗೆ ಹೋದೆ. ನನಗಿಂತ ಮೊದಲು ಮೊದಲ ಟ್ರಂಪೆಟ್ ಊದಿದವರು, ಹಲ್ಲು ಹೋದ ಮೇಲೆ ನಿಲ್ಲಿಸಿದವರು. ಬಿಸ್ಕತ್ತಿನ ಡಬ್ಬಿಯಲ್ಲಿ ಅವರ ಐದಾರು ಹಳೆಯ ಮೌತ್‌ಪೀಸ್‌ಗಳಿದ್ದವು. ಕೈ ಹಾಕಿದರೆ ಮುಚ್ಚಳ ಹಾಕಿಬಿಟ್ಟರು.

“ಈಗ ಬೇಡ. ಮೊದಲು ನಿನ್ನದರಲ್ಲಿ ಒಂದು ಗಂಟೆ ಊದಿ ಸುಸ್ತಾಗು. ಬೆಳಿಗ್ಗೆ ಎಲ್ಲಾ ಮೌತ್‌ಪೀಸೂ ಒಳ್ಳೆದೇ ಮಗಾ. ಸುಸ್ತಾದ ತುಟಿಗೆ ಯಾವುದು ಆಗ್ತದೆ, ಅದು ನಿನ್ನದು.”

ನಾಚಿಕೆಯಾಯಿತು. ಹೊಟ್ಟೆ ತುಂಬಾ ಉಂಡು ಬಂದ ಮೇಲೆಯೇ ಪ್ಯಾಂಟಿನ ಅಳತೆ ಕೊಡಿ ಎಂದು ಗಿರಾಕಿಗಳಿಗೆ ಹೇಳುವವನು ನಾನು. ನನ್ನ ತುಟಿಯ ಅಳತೆಯನ್ನು ಉಪವಾಸದಲ್ಲಿ ತೆಗೆದಿದ್ದೆ. ಒಂದು ಗಂಟೆ ಊದಿ ತುಟಿ ಜೋಮು ಹಿಡಿದ ಮೇಲೆ ಒಂದೊಂದಾಗಿ ಇಟ್ಟು ನೋಡಿದೆ. ನಾಲ್ಕನೆಯದು ಬೆಳ್ಳಿ ಲೇಪ ಕಪ್ಪಾಗಿ, ನೋಡಲು ಹಳೆಯ ಕುಕ್ಕರಿನ ಬಿಡಿಭಾಗದ ಹಾಗಿತ್ತು. ನಡುವಣ ಆಳ, ನಡುವಣ ಅಗಲ, ಅಂಚಿನಲ್ಲಿ ಸಣ್ಣದೊಂದು ಹಿಡಿತ. ಮೇಲಿನ ಸ್ವರ ಕಷ್ಟದಿಂದಲೇ ಬಂತು, ಆದರೆ ಬಂತು. ಅದರ ನಂತರದ್ದೂ ಬಂತು. ಅದನ್ನೇ ಕಿಸೆಗೆ ಹಾಕಿಕೊಂಡು ಬಂದೆ.

ಬೆಳ್ತಂಗಡಿಯಲ್ಲಿ ಪಾದ್ರಿ ಮದುವೆ ಮಾಡಿಸಿದ ಇಗರ್ಜಿಯಿಂದ ಊಟದ ಹಾಲ್‌ನ ತನಕ ಬಿರುಬಿಸಿಲಿನ ದಾರಿ. ಎರಡನೇ ಟ್ರಂಪೆಟಿನವನು ನನ್ನ ಬಾಯಿಯನ್ನೇ ನೋಡುತ್ತ ನಡೆಯುತ್ತಿದ್ದ. ಮಾಸ್ಟರು ಅವನಿಗೆ ತಯಾರಿರಲು ಹೇಳಿದ್ದರು. ಹಾಲ್‌ನ ಮೆಟ್ಟಿಲ ಬಳಿಯ ಕೊನೆಯ ಹಾಡಿನಲ್ಲಿ ಮೇಲಿನ ಸ್ವರ ಮೂರು ಸಲ ಬರುತ್ತದೆ. ಮೂರೂ ಸಲ ಹಿಡಿದೆ. ಮೂರನೆಯದನ್ನು ಬೇಕೆಂದೇ ಸ್ವಲ್ಪ ಹೆಚ್ಚು ಹೊತ್ತು ಹಿಡಿದೆ.

ಮಾಸ್ಟರು ಓಡಿಬಂದು ಬೆನ್ನು ತಟ್ಟಿದರು. “ನೋಡಿದೆಯಾ? ಪಾಲಿಶ್ ಮಾಡಿಸಿದ್ದು ಎಷ್ಟು ಒಳ್ಳೆದಾಯ್ತು!”

ನಾಲಿಗೆಯ ತುದಿಗೆ ಬಂದದ್ದು ಇಲ್ಲಿ ಬರೆಯುವಂಥದ್ದಲ್ಲ. ಆದರೆ ಹಾಲ್‌ನೊಳಗೆ ಇನ್ನೂ ಎರಡು ಹಾಡು ಬಾಕಿಯಿತ್ತು. ಬೈಯಲಿಕ್ಕೂ ಊದಲಿಕ್ಕೂ ದೇವರು ಕೊಟ್ಟದ್ದು ಒಂದೇ ಬಾಯಿ, ಮೊದಲು ಊದಿದೆ.

ವ್ಯಾನು ಹತ್ತಿದ ಮೇಲೆ ಶುರುಮಾಡಿದೆ. ಗುರುವಾಯನಕೆರೆಯಲ್ಲಿ ಅಂಚಿನ ವಿಷಯ ಮುಗಿಯಿತು, ಮಡಂತ್ಯಾರಿನಲ್ಲಿ ಪ್ರಾಯದ ವಿಷಯಕ್ಕೆ ಬಂದೆ, ಪುಂಜಾಲಕಟ್ಟೆ ದಾಟುವಾಗ ಮಾಸ್ಟರು ಕೈಮುಗಿದು, “ಆಯ್ತು ಮಾರಾಯ, ಮೊದಲನೇ ಟ್ರಂಪೆಟ್ ನೀನೇ. ಇನ್ನು ಅವರವರ ಮೌತ್‌ಪೀಸ್ ಅವರವರೇ ಮನೆಗೆ ತಕೊಂಡು ಹೋಗಿ, ಸಾಕಾ?” ಎಂದರು. ಸಾಕಾಗಲಿಲ್ಲ. ಬಂಟ್ವಾಳ ಮುಟ್ಟುವವರೆಗೂ ಬೈದೆ. ಮೆರವಣಿಗೆಯಿಡೀ ಊದಿದ ತುಟಿ, ನಡುವೆ ಒಮ್ಮೆಯೂ ಸೋಲಲಿಲ್ಲ.